ಡಾಗ್‌ಬೆರಿಯನ್ನು ಕೈಬಿಡಬೇಡಿ
ದಾವಣಗೆರೆಯ ನಿಮ್ಮ ಕಾಲೇಜಿನಲ್ಲಿ ಶೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ ಅನ್ನು ಕನ್ನಡದಲ್ಲಿ ಆಡ್ತಿದ್ದೀರಿ, ಒಂದು ಗಂಟೆಗೆ ಇಳಿಸೋಕೆ ಊರ ಕಾವಲಿನ ಪೆದ್ದ ಮುಖ್ಯಸ್ಥ ಡಾಗ್‌ಬೆರಿ ಮತ್ತವನ ಕಾವಲುಗಾರರನ್ನು ತೆಗೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮದುವಣಗಿತ್ತಿಯ ಶೀಲಕ್ಕೆ ಕಳಂಕ ತರೋಕೆ ಬೊರಾಚಿಯೋ ಹೂಡಿದ ಕುತಂತ್ರ ಬಯಲಾಗೋದೇ ಅವರಿಂದ. ಅವರಿಲ್ಲದೆ ಹೀರೋ ಎಂಬ ಹೆಸರಿನ ಆ ಹುಡುಗಿ ತಪ್ಪು ಮಾಡಿಲ್ಲ ಅಂತ ಗೊತ್ತಾಗೋದು ಹೇಗೆ? ಸಮಯ ಉಳಿಸೋಕೆ ಮುಖವಾಡದ ಕುಣಿತ, ಗಾಯಕ ಬಾಲ್ತಜಾರನ ಹಾಡು ಮೊಟಕು ಮಾಡಿ.

ನಾಲ್ಕನೇ ಅಂಕದ ಮದುವೆ ದೃಶ್ಯವನ್ನಂತೂ ಮುಟ್ಟಲೇಬೇಡಿ. ತುಂಬಿದ ಚರ್ಚಿನಲ್ಲಿ ಮದುವಣಿಗ ಕ್ಲಾಡಿಯೋ ಹೀರೋಳ ಮಾನ ಕಳೆದಿದ್ದಾನೆ. ಅದಾದ ಮೇಲೆ ಅವನ ಗೆಳೆಯ ಬೆನೆಡಿಕ್ ಪ್ರೀತಿ ಹೇಳಿಕೊಂಡರೆ ಹೀರೋಳ ಸೋದರಸಂಬಂಧಿ ಬಿಯಾಟ್ರಿಸ್ ಕೇಳೋದು ‘ಕ್ಲಾಡಿಯೋನನ್ನು ಕೊಲ್ಲು’ ಅಂತ! ಆ ಮಾತಿಗೆ ಸಭೆ ನಗಬಾರದು. ಮೆಲ್ಲಗೆ, ನೇರವಾಗಿ ಹೇಳಿಸಿ.

ನಾಟಕದ ಬಹುಪಾಲು ಗದ್ಯವೇ. ಬೆನೆಡಿಕ್-ಬಿಯಾಟ್ರಿಸ್ ಜಗಳಕ್ಕೆ ಗ್ರಾಂಥಿಕ ಕನ್ನಡ ಯಾಕೆ, ನಿಮ್ಮೂರ ಮಾತೇ ಇರಲಿ: ‘ಏನ್ ತಾಯಿ, ಇನ್ನೂ ಬದುಕಿದ್ದೀಯಾ?’