‘ಅಲೋ’ ಒತ್ತಿದ ಮೇಲೆ ಬರುವ ವೈರಸ್ ಎಚ್ಚರಿಕೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಕಳಿಸುವ ಪ್ರಶ್ನೆಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಿಂದೆ ಎರಡು ಸಾಲಿನಲ್ಲಿ ಕೊಟ್ಟ ಉತ್ತರ ಸಾಲಲಿಲ್ಲವೆಂದು ತೋರುತ್ತದೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟು, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ಬ್ರೌಸರ್ ಎಂದರೇನು, ಸೆಟ್ಟಿಂಗ್ಸ್ ಎಲ್ಲಿರುತ್ತದೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ತೊಗರಿ ಧಾರಣೆ ನೋಡಲು ಒಂದು ಜಾಲತಾಣ ತೆರೆದಿದ್ದೆ. ಅಂದಿನಿಂದ ‘ನಿಮ್ಮ ಫೋನಿನಲ್ಲಿ ವೈರಸ್ ಇದೆ, ತಕ್ಷಣ ಸ್ವಚ್ಛಗೊಳಿಸಿ’ ಎಂಬ ಸೂಚನೆಗಳು ಹಗಲು ರಾತ್ರಿ ಬರುತ್ತಿವೆ. ಮೊಬೈಲ್ ಅಂಗಡಿಯವರು ಹಣ ಪಡೆದು ಫಾರ್ಮ್ಯಾಟ್ ಮಾಡಿಕೊಟ್ಟರು. ಕೆಲವು ದಿನ ನಿಂತು ಮತ್ತೆ ಶುರುವಾಗಿದೆ. ಫೋನ್ ಬದಲಿಸಬೇಕೇ? (ಆಳಂದ ತಾಲ್ಲೂಕಿನ ರೈತರೊಬ್ಬರು)

ಬದಲಿಸಬೇಕಾಗಿಲ್ಲ. ನೀವು ಬರೆದಿರುವ ಲಕ್ಷಣಗಳು ವೈರಸ್ಸಿನವಲ್ಲ. ಯಾವುದೋ ಜಾಲತಾಣಕ್ಕೆ ನೀವೇ ಕೊಟ್ಟಿರುವ ಅನುಮತಿ ಇನ್ನೂ ಊರ್ಜಿತದಲ್ಲಿದೆ. ಅದನ್ನು ಹಿಂದಕ್ಕೆ ಪಡೆದರೆ ಕಾಟ ನಿಲ್ಲುತ್ತದೆ. ಆ ಕೆಲಸಕ್ಕೆ ಒಂದು ನಿಮಿಷ ಸಾಕು, ಒಂದು ರೂಪಾಯಿಯೂ ಬೇಡ.

ಆ್ಯಪ್‌ಗಳಂತೆ ಜಾಲತಾಣಗಳೂ ನೋಟಿಫಿಕೇಶನ್ (ಪರದೆಯ ಮೇಲೆ ಬರುವ ಸೂಚನೆ) ಕಳಿಸುವ ಸೌಲಭ್ಯ ಕ್ರೋಮ್ ಬ್ರೌಸರ್‌ಗೆ 2015ರಲ್ಲಿ ಬಂತು. ನೀವು ಒಮ್ಮೆ ‘ಅಲೋ’ (Allow, ಅಂದರೆ ಅನುಮತಿ ಕೊಡು) ಒತ್ತಿದರೆ ಆ ಜಾಲತಾಣದ ಒಂದು ಸಣ್ಣ ಪ್ರೋಗ್ರಾಂ ಬ್ರೌಸರ್‌ನೊಳಗೆ ನೋಂದಣಿಯಾಗುತ್ತದೆ, ಪುಟ ಮುಚ್ಚಿದ ಮೇಲೂ ಅದರ ಸಂದೇಶಗಳು ಬ್ರೌಸರ್ ಮೂಲಕ ನಿಮ್ಮ ಪರದೆಗೆ ಬರುತ್ತಲೇ ಇರುತ್ತವೆ. ಹೊಸ ಸುದ್ದಿ, ಹೊಸ ಸಂದೇಶ ಬಂದಾಗ ಓದುಗನಿಗೆ ತಿಳಿಯಲಿ ಎಂಬ ಉದ್ದೇಶದಿಂದ ಬಂದ ಈ ಸೌಲಭ್ಯವನ್ನು ಕಿಡಿಗೇಡಿ ಜಾಲತಾಣಗಳು ಜಾಹೀರಾತು ಸುರಿಯುವ ಕೊಳವೆಯಾಗಿ ಮಾಡಿಕೊಂಡವು.

ನಿಮ್ಮಿಂದ ಆ ‘ಅಲೋ’ ಒತ್ತಿಸಿಕೊಳ್ಳುವ ಬಗೆಯನ್ನು ಗಮನಿಸಿ. ಪುಟ ತೆರೆದ ಕೂಡಲೇ ನಡುವೆ ಒಂದು ಚಕ್ರ ತಿರುಗುತ್ತಿರುತ್ತದೆ. ಅದರ ಕೆಳಗೆ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದೋ, ‘ಧಾರಣೆ ನೋಡಲು ಅಲೋ ಒತ್ತಿ’ ಎಂದೋ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ, ಕೆಲವೊಮ್ಮೆ ಗುಂಡಿಯ ಕಡೆಗೆ ಬಾಣವನ್ನೂ ಬಿಡಿಸಿರುತ್ತಾರೆ. ಅದೇ ಹೊತ್ತಿಗೆ ಬ್ರೌಸರ್‌ನ ಸ್ವಂತ ಚಿಕ್ಕ ಪೆಟ್ಟಿಗೆ ಪರದೆಯ ಮೇಲೆ ಬರುತ್ತದೆ. ಅದರಲ್ಲಿರುವ ಮಾತು ಬೇರೆಯೇ: ಈ ಜಾಲತಾಣ ನಿಮಗೆ ನೋಟಿಫಿಕೇಶನ್ ಕಳಿಸಲು ಬಯಸುತ್ತದೆ, ಒಪ್ಪುತ್ತೀರಾ ಎಂಬುದಷ್ಟೇ. ಓದುಗ ದೊಡ್ಡ ಅಕ್ಷರವನ್ನು ಓದುತ್ತಾನೆ, ಪೆಟ್ಟಿಗೆಯ ಗುಂಡಿಯನ್ನು ಒತ್ತುತ್ತಾನೆ. ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಮಾಲು ಒಯ್ಯುವ ಮೊದಲು ದರ ತಿಳಿಯುವ ಆತುರದಲ್ಲಿರುವ ರೈತ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಸರ್ಕಾರಿ ತಾಣ ತೆರೆಯದೆ ಸಿಕ್ಕ ಕೊಂಡಿಯನ್ನೆಲ್ಲ ಒತ್ತುವ ವಿದ್ಯಾರ್ಥಿ, ಇಬ್ಬರೂ ಬೀಳುವುದು ಇಲ್ಲಿಯೇ. ಯಾವ ನ್ಯಾಯವಾದ ಜಾಲತಾಣವೂ ದರ ತೋರಿಸಲು, ಫಲಿತಾಂಶ ಕೊಡಲು, ವಿಡಿಯೊ ನಡೆಸಲು ನೋಟಿಫಿಕೇಶನ್ ಅನುಮತಿಯನ್ನು ಕೇಳುವುದಿಲ್ಲ. ಎರಡಕ್ಕೂ ತಾಂತ್ರಿಕವಾಗಿ ಯಾವ ಸಂಬಂಧವೂ ಇಲ್ಲ.

ಇನ್ನು ‘ವೈರಸ್ ಇದೆ’ ಎಂಬ ಮಾತು ಶುದ್ಧ ಸುಳ್ಳು. ಬ್ರೌಸರ್‌ನಲ್ಲಿ ತೆರೆಯುವ ಪುಟಕ್ಕೆ ನಿಮ್ಮ ಫೋನಿನ ಒಳಗಿರುವ ಆ್ಯಪ್‌ಗಳನ್ನು ತಪಾಸಣೆ ಮಾಡುವ ಶಕ್ತಿಯನ್ನು ಬ್ರೌಸರ್ ಕೊಟ್ಟೇ ಇಲ್ಲ; ಪ್ರತಿ ಪುಟವನ್ನೂ ಅದು ಬೇಲಿಯೊಳಗೆ ಇಟ್ಟೇ ನಡೆಸುತ್ತದೆ. ಹಾಗಾಗಿ ಜಾಲತಾಣವೊಂದು ವೈರಸ್ ಕಂಡುಹಿಡಿದೆ ಎಂದು ಹೇಳಿದರೆ ಅದನ್ನು ನಂಬಬೇಡಿ, ಅದರ ಗುಂಡಿಯನ್ನು ಒತ್ತಬೇಡಿ, ಅದು ಇಳಿಸಿಕೊಳ್ಳಲು ಹೇಳುವ ‘ಕ್ಲೀನರ್’ ಆ್ಯಪ್ಪನ್ನು ಇಳಿಸಿಕೊಳ್ಳಬೇಡಿ. ನಿಜವಾದ ಅಪಾಯ ಇರುವುದು ಆ ಆ್ಯಪ್ಪಿನಲ್ಲಿಯೇ.

ಈಗ ಮಾಡಬೇಕಾದ್ದು. ಮುಂದಿನ ಸಲ ಅಂಥ ಸೂಚನೆ ಬಂದಾಗ ಅದನ್ನು ಒತ್ತಿ ತೆರೆಯದೆ, ಅದರ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಯಾವ ಆ್ಯಪ್ಪಿನಿಂದ ಅದು ಬಂದಿದೆ ಎಂಬುದು ಕಾಣುತ್ತದೆ. ‘ಕ್ರೋಮ್’ ಎಂದಿದ್ದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಜಾಲತಾಣದ ವಿಳಾಸವಿದ್ದರೆ ರೋಗ ಗೊತ್ತಾದಂತೆಯೇ. ಕ್ರೋಮ್ ತೆರೆದು ಮೂರು ಚುಕ್ಕೆಗಳನ್ನು ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್‌ಗೆ ಹೋಗಿ. ಅನುಮತಿ ಪಡೆದ ಜಾಲತಾಣಗಳ ಪಟ್ಟಿ ಅಲ್ಲಿರುತ್ತದೆ. ನೀವು ಗುರುತಿಸದ ಪ್ರತಿಯೊಂದು ವಿಳಾಸವನ್ನೂ ಬ್ಲಾಕ್ ಮಾಡಿ. ಅದೇ ಪುಟದ ಮೇಲ್ಭಾಗದಲ್ಲಿ, ಜಾಲತಾಣಗಳು ಅನುಮತಿ ಕೇಳಲು ಬಿಡುವ ಗುಂಡಿಯೂ ಇದೆ. ಅದನ್ನು ಆಫ್ ಮಾಡಿಟ್ಟರೆ ಆ ಪೆಟ್ಟಿಗೆಯೇ ಮತ್ತೆ ಬರುವುದಿಲ್ಲ. ನನ್ನ ಮನೆಯವರ ಫೋನುಗಳಲ್ಲೆಲ್ಲ ನಾನು ಹಾಗೆಯೇ ಮಾಡಿಟ್ಟಿದ್ದೇನೆ, ಹಿರಿಯರಿರುವ ಮನೆಗಳಲ್ಲಿ ನೀವೂ ಮಾಡಿ. ಬ್ರೌಸರ್‌ನ ಹಿಸ್ಟರಿ ಅಳಿಸಿದರೆ ಸಾಕೆಂದು ಕೆಲವರು ಬರೆದಿದ್ದಾರೆ; ಸಾಲದು, ಹಿಸ್ಟರಿ ಹೋದರೂ ಅನುಮತಿ ಉಳಿಯುತ್ತದೆ.

ಒತ್ತಿ ಹಿಡಿದಾಗ ಕ್ರೋಮ್ ಬದಲು ಬೇರೊಂದು ಆ್ಯಪ್ಪಿನ ಹೆಸರು ಬಂದರೆ, ಅಥವಾ ಬ್ರೌಸರ್ ತೆರೆಯದೆಯೇ ಇಡೀ ಪರದೆಯ ಮೇಲೆ ಜಾಹೀರಾತು ಹರಡಿಕೊಂಡರೆ, ವಿಷಯ ಬೇರೆ. ನೀವು ಇತ್ತೀಚೆಗೆ ಹಾಕಿಕೊಂಡ ಯಾವುದೋ ಆ್ಯಪ್ ಆ ಕೆಲಸ ಮಾಡುತ್ತಿರುತ್ತದೆ. ಟಾರ್ಚ್, ವಾಲ್‌ಪೇಪರ್, ಕ್ಲೀನರ್, ಬ್ಯಾಟರಿ ಉಳಿಸುವ ಆ್ಯಪ್‌ಗಳನ್ನು ಮೊದಲು ಅನುಮಾನಿಸಿ, ತೆಗೆದುಹಾಕಿ.

ಅಂಗಡಿಯವರ ಬಗ್ಗೆ ಹೇಳಲೇಬೇಕು. ಫಾರ್ಮ್ಯಾಟ್ ಮಾಡಿದಾಗ ಬ್ರೌಸರ್‌ನಲ್ಲಿದ್ದ ಅನುಮತಿಗಳೂ ಅಳಿಸಿಹೋಗುತ್ತವೆ, ಹಾಗಾಗಿ ಕಾಟ ನಿಂತು ‘ವೈರಸ್ ಹೋಯಿತು’ ಎಂದು ಗಿರಾಕಿ ನಂಬುತ್ತಾನೆ. ಮತ್ತೊಂದು ದಿನ ಅದೇ ದರದ ಪುಟದಲ್ಲಿ ಅದೇ ಗುಂಡಿ ಒತ್ತಿದಾಗ ಎಲ್ಲವೂ ಮರಳುತ್ತದೆ. ನಡುವೆ ಮೊಮ್ಮಕ್ಕಳ ಫೋಟೊ, ಹೊಲದ ಪಹಣಿಯ ಚಿತ್ರ, ಬರೆದಿಟ್ಟ ನಂಬರುಗಳು ಹೋಗಿರುತ್ತವೆ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಪ್ರಾಮಾಣಿಕರು ಬಹಳ ಜನ ಇದ್ದಾರೆ, ಪರದೆ ಒಡೆದರೆ, ಚಾರ್ಜಿಂಗ್ ಪಿನ್ ಹೋದರೆ ಅವರ ಹತ್ತಿರವೇ ಹೋಗಬೇಕು. ಆದರೆ ನೋಟಿಫಿಕೇಶನ್ ಪಟ್ಟಿಯನ್ನು ಒಮ್ಮೆಯೂ ತೆರೆದು ನೋಡದೆ ಫಾರ್ಮ್ಯಾಟ್ ಮಾಡಬೇಕೆನ್ನುವವನು, ನಾಡಿ ಹಿಡಿಯದೆ ಔಷಧ ಕೊಡುವ ನಕಲಿ ವೈದ್ಯನೇ. ಅವನ ಕೈಗೆ ಫೋನ್ ಕೊಡಬೇಡಿ.

ಕಾನೂನು ಏನು ಮಾಡುತ್ತಿದೆ ಎಂದು ಕೆಲವರು ಕೇಳಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳನ್ನು (ಬಳಕೆದಾರರನ್ನು ದಾರಿ ತಪ್ಪಿಸುವ ವಿನ್ಯಾಸಗಳನ್ನು) ತಡೆಯುವ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅದರಲ್ಲಿ ಹೆಸರಿಸಿರುವ 13 ಬಗೆಯ ಮೋಸಗಳಲ್ಲಿ, ವೈರಸ್ ಇದೆಯೆಂದು ಹೆದರಿಸಿ ನಕಲಿ ಪರಿಹಾರಕ್ಕೆ ಹಣ ಕೀಳುವುದೂ ಒಂದು, ಬೇಡವೆಂದರೂ ಮತ್ತೆ ಮತ್ತೆ ಅದೇ ಕೋರಿಕೆಯಿಂದ ಪೀಡಿಸುವುದೂ ಒಂದು. ಭಾರತದಲ್ಲಿ ವ್ಯಾಪಾರ ಮಾಡುವ ಹೆಸರು ವಿಳಾಸವಿರುವ ಕಂಪನಿ ಹೀಗೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಹೆಸರೇ ಇಲ್ಲದ ತಾಣಗಳ ವಿಷಯದಲ್ಲಿ ನಿಮ್ಮ ಬ್ಲಾಕ್ ಗುಂಡಿಯೇ ಬೇಗ ಫಲ ಕೊಡುತ್ತದೆ. ಅಂಥ ಸೂಚನೆಯನ್ನು ನಂಬಿ ಆ್ಯಪ್ ಹಾಕಿಕೊಂಡು ಖಾತೆಯಿಂದ ಹಣ ಹೋಗಿದ್ದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರದೆ, ಅದೇ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಇಲ್ಲಿ ಕಳೆದುಹೋಗುವ ಪ್ರತಿ ಗಂಟೆಯೂ ಹಣ ಮರಳುವ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ.

ಪ್ರಶ್ನೆ: ‘ಕುಕಿಗಳನ್ನು ಒಪ್ಪುತ್ತೇನೆ’ ಎಂದು ಒತ್ತಿದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ? (ಶಹಾಪುರ)

ಆಗುವುದಿಲ್ಲ. ಕುಕಿ ಎಂದರೆ ಜಾಲತಾಣವು ಬ್ರೌಸರ್‌ನಲ್ಲಿ ಇಡುವ ಸಣ್ಣ ಮಾಹಿತಿ ತುಣುಕು. ವಾಟ್ಸ್‌ಆ್ಯಪ್‌ನಲ್ಲಿ ಹಾಗೆ ಹೆದರಿಸುವ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ‘ರಿಜೆಕ್ಟ್’ ಗುಂಡಿ ಇದ್ದಾಗ ಅದನ್ನೇ ಒತ್ತುವುದು ಒಳ್ಳೆಯದು, ಪುಟ ಆಗಲೂ ತೆರೆಯುತ್ತದೆ.

ಪ್ರಶ್ನೆ: ನಾನು ಶಿಕ್ಷಕ. ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಪುಟ ತೆರೆದ ಕೂಡಲೇ ‘ಚಂದಾದಾರರಾಗಿ’ ಎಂಬ ಪಾಪ್-ಅಪ್ ಬರುವಂತೆ, ಬರಹವನ್ನು ಯಾರೂ ನಕಲು ಮಾಡದಂತೆ, ಹಿನ್ನೆಲೆಯಲ್ಲಿ ಸಂಗೀತ ಕೇಳುವಂತೆ ಮಾಡಲು ಯಾವ ವಿಜೆಟ್ (ಪುಟಕ್ಕೆ ಸೇರಿಸುವ ಸಣ್ಣ ಪ್ರೋಗ್ರಾಂ) ಒಳ್ಳೆಯದು? (ಬಸವಕಲ್ಯಾಣ)

ಮೂರೂ ಬೇಡ. ನಿಮ್ಮ ವಿಷಯ ಅಮೂಲ್ಯವಾದದ್ದು, ಅದನ್ನು ಓದಲು ಬಂದವರನ್ನು ಬಾಗಿಲಲ್ಲಿಯೇ ತಡೆಯಬೇಡಿ.

ಪಾಪ್-ಅಪ್ ಜಾಹೀರಾತಿನ ಮೊದಲ ಸಂಕೇತವನ್ನು (ಪ್ರೋಗ್ರಾಂ ಕೋಡನ್ನು) 1990ರ ದಶಕದಲ್ಲಿ ಟ್ರೈಪಾಡ್ ಎಂಬ ತಾಣಕ್ಕಾಗಿ ಬರೆದ ಈಥನ್ ಝುಕರ್‌ಮನ್ 2014ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಬೇರೆ ಕಿಟಕಿಯಾಗಿ ತೆರೆಯುತ್ತಿದ್ದ ಆ ಕಾಟವನ್ನು 2004ರ ಹೊತ್ತಿಗೆ ಬ್ರೌಸರ್‌ಗಳು ತಡೆಯತೊಡಗಿದವು, ಆಗ ಅದು ಪುಟದೊಳಗೇ ಬರಹದ ಮೇಲೆ ಬಂದು ಕುಳಿತಿತು. ಹುಡುಕಾಟದಿಂದ ಬಂದ ಓದುಗನಿಗೆ ಬರಹವನ್ನು ಮುಚ್ಚುವ ಪೆಟ್ಟಿಗೆ ತೋರಿಸುವ ಮೊಬೈಲ್ ಪುಟಗಳನ್ನು ಫಲಿತಾಂಶದಲ್ಲಿ ಕೆಳಗಿಳಿಸಬಹುದೆಂದು ಗೂಗಲ್ ಘೋಷಿಸಿ, 2017ರ ಜನವರಿಯಿಂದ ಅದನ್ನು ಜಾರಿಗೆ ತಂದಿದೆ. ಅಂದರೆ ಓದುಗರನ್ನು ಹೆಚ್ಚಿಸಲು ನೀವು ಹಾಕುವ ಪೆಟ್ಟಿಗೆಯೇ ಅವರನ್ನು ಕಡಿಮೆ ಮಾಡುತ್ತದೆ. ಚಂದಾದಾರಿಕೆಯ ಸಾಲನ್ನು ಲೇಖನದ ಕೊನೆಯಲ್ಲಿಡಿ. ಅಲ್ಲಿಯವರೆಗೆ ಓದಿದವನು ತಾನಾಗಿಯೇ ಹೆಸರು ಕೊಡುತ್ತಾನೆ, ಓದದವನ ಮಿಂಚಂಚೆ ವಿಳಾಸದಿಂದ ನಿಮಗೆ ಲಾಭವಿಲ್ಲ.

ಸಂಗೀತದ ಮಾತು ಬಿಟ್ಟುಬಿಡಿ. ಓದುಗ ಪುಟವನ್ನು ಮುಟ್ಟುವ ಮೊದಲೇ ತಾನಾಗಿ ಸದ್ದು ಮಾಡುವುದನ್ನು ಕ್ರೋಮ್ 2018ರಿಂದ, ಫೈರ್‌ಫಾಕ್ಸ್ 2019ರಿಂದ ಬಹುಮಟ್ಟಿಗೆ ತಡೆಯುತ್ತಿವೆ.

ನಕಲು ತಡೆಯುವ ಬೀಗದ ಬಗ್ಗೆ ನನಗೆ ಹೆಚ್ಚಿನ ಬೇಸರವಿದೆ. ಕಳ್ಳನಿಗೆ ಅದು ಯಾವ ಅಡ್ಡಿಯೂ ಅಲ್ಲ, ಸ್ಕ್ರೀನ್‌ಶಾಟ್ ತೆಗೆದು ಅಕ್ಷರಗಳನ್ನು ಹೊರತೆಗೆಯುವ ಸೌಲಭ್ಯ ಇಂದು ಬಹುತೇಕ ಫೋನುಗಳಲ್ಲಿದೆ. ಅಡ್ಡಿಯಾಗುವುದು, ಬಹಮನಿ ಕಾಲದ ಒಂದು ಪಾರ್ಸಿ ಪದವನ್ನು ಒತ್ತಿ ಹಿಡಿದು ನಿಘಂಟಿನಲ್ಲಿ ನೋಡಬಯಸುವ ವಿದ್ಯಾರ್ಥಿಗೆ, ಒಂದು ಪ್ಯಾರಾವನ್ನು ನಿಮ್ಮ ಹೆಸರಿನೊಂದಿಗೆ ಗೆಳೆಯನಿಗೆ ಕಳಿಸಬಯಸುವ ಅಭಿಮಾನಿಗೆ. ಅದಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ಉಚಿತ ವಿಜೆಟ್ ಎಂದು ಸಿಕ್ಕ ಕಡೆಯಿಂದ ತಂದು ಅಂಟಿಸುವ ಸಂಕೇತ ಇನ್ಯಾರದೋ ಸರ್ವರ್‌ನಿಂದ ಬರುತ್ತದೆ, ಇಂದು ನಕಲು ತಡೆಯುವ ಅದೇ ಸಾಲು ನಾಳೆ ನಿಮ್ಮ ಓದುಗನನ್ನು ಲಾಟರಿ ತಾಣಕ್ಕೆ ತಳ್ಳಬಹುದು, ನಿಮಗೆ ತಿಳಿಯುವುದೂ ಇಲ್ಲ. ಮೇಲಿನ ರೈತರು ಬಿದ್ದಂಥ ಬಲೆಗೆ ನಿಮ್ಮ ಬ್ಲಾಗ್ ದಾರಿಯಾಗಬಾರದು. ಈಗಾಗಲೇ ಅಂಟಿಸಿರುವ ವಿಜೆಟ್‌ಗಳಲ್ಲಿ ಏನು ಮಾಡುತ್ತದೆಂದು ನೀವು ವಿವರಿಸಲಾಗದ ಪ್ರತಿಯೊಂದನ್ನೂ ಇವತ್ತೇ ತೆಗೆಯಿರಿ.

ಪ್ರಶ್ನೆ: ಸುದ್ದಿ ಓದುವಾಗ ಪುಟ ಇದ್ದಕ್ಕಿದ್ದಂತೆ ಕೆಳಗೆ ಜಿಗಿದು, ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ನನ್ನ ಫೋನಿನ ದೋಷವೇ? (ಹುಮನಾಬಾದ್)

ಅಲ್ಲ. ಜಾಹೀರಾತಿಗೆ ಮೊದಲೇ ಜಾಗ ಕಾಯ್ದಿರಿಸದೆ ಪುಟ ಕಟ್ಟಿದವರ ದೋಷ. ತಪ್ಪಿ ಒತ್ತಿದರೆ ಹಿಂದಿನ ಪುಟಕ್ಕೆ ಮರಳಿ, ತೆರೆದ ತಾಣದಲ್ಲಿ ಏನನ್ನೂ ಮುಟ್ಟಬೇಡಿ. ಕೇವಲ ತೆರೆದ ಮಾತ್ರಕ್ಕೆ ಹಣ ಹೋಗುವುದಿಲ್ಲ.

ಪ್ರಶ್ನೆ: ಯಾವ ಕ್ಲೀನರ್ ಆ್ಯಪ್ ಒಳ್ಳೆಯದು? (ಚಿತ್ತಾಪುರ, ಸುರಪುರ, ಭಾಲ್ಕಿ ಮತ್ತು ಇತರ ಹಲವರು)

ಯಾವುದೂ ಬೇಡ, ಇರುವುದನ್ನೂ ತೆಗೆಯಿರಿ. ಜಾಗ ತುಂಬಿದ್ದರೆ ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು, ದೊಡ್ಡ ವಿಡಿಯೊಗಳನ್ನು ಅಲ್ಲಿಂದಲೇ ಅಳಿಸಿ.