ಎಕ್ಸೆಲ್ ಇರುವಾಗ ಡೇಟಾಬೇಸ್ ಏಕೆ ಬೇಕು?

ಅಂಗಡಿಯ ಲೆಕ್ಕ ಎಕ್ಸೆಲ್‌ನಲ್ಲೇ ನಡೆಯುತ್ತಿದೆ, ಡೇಟಾಬೇಸ್ (ಮಾಹಿತಿಯನ್ನು ನಿಯಮಕ್ಕೆ ಕಟ್ಟಿ ಕೂಡಿಡುವ ಸಾಫ್ಟ್‌ವೇರ್) ಅದಕ್ಕಿಂತ ಹೆಚ್ಚೇನು ಕಾಪಾಡುತ್ತದೆ ಎಂದು ಕೇಳಿದ್ದೀರಿ. ನಾನು ವಿಜಯಪುರದ ಒಂದು ಒಣದ್ರಾಕ್ಷಿ ಶೀತಲಗೃಹದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ.

ಬೇಸಿಗೆ ಬಂತೆಂದರೆ ತಿಕೋಟಾ ಕಡೆಯ ಗಾಡಿಗಳು ನಮ್ಮ ಗೇಟಿನ ಮುಂದೆ ಸಾಲುಗಟ್ಟುತ್ತವೆ. ಒಂದು ವರ್ಷ ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ರೈತರು ಒಂದೇ ದಿನ ಮಾಲು ಇಳಿಸಿದರು. ಎಕ್ಸೆಲ್ ಹಾಳೆಯಲ್ಲಿ ಒಬ್ಬರ 40 ಬಾಕ್ಸ್ ಇನ್ನೊಬ್ಬರ ಲೆಕ್ಕಕ್ಕೆ ಸೇರಿಹೋಯಿತು. ವ್ಯಾಪಾರಿ ಮಾಲು ಎತ್ತಲು ಬಂದ ದಿನವೇ ಅದು ಗೊತ್ತಾದದ್ದು. ರೈತನ ಮುಖ ಇನ್ನೂ ಕಣ್ಣಮುಂದಿದೆ. ಅದು ಅವರ ವರ್ಷದ ದುಡಿಮೆ.

ಈಗ ನಮ್ಮ ಲೆಕ್ಕ ಡೇಟಾಬೇಸ್‌ನಲ್ಲಿದೆ. ಪ್ರತಿ ರೈತನಿಗೂ, ಒಮ್ಮೆಗೆ ಇಳಿಸಿದ ಮಾಲಿಗೂ ಅಂದರೆ ಪ್ರತಿ ಲಾಟ್‌ಗೂ, ಬೇರೆ ಯಾರಿಗೂ ಸಿಗದ ಒಂದು ಸಂಖ್ಯೆ ಇದೆ. ಪಟ್ಟಿಯಲ್ಲಿಲ್ಲದ ರೈತನ ಸಂಖ್ಯೆಗೆ ಲಾಟ್ ಬರೆಯಲು ಹೋದರೆ ಡೇಟಾಬೇಸ್ ಒಪ್ಪುವುದಿಲ್ಲ. ನಿಯಮ ಬರೆದಿಟ್ಟಿದ್ದರೆ, 60 ಬಾಕ್ಸ್ ಇರುವಲ್ಲಿ 70 ಹೊರಗೆ ಬಿಡುವುದಕ್ಕೂ ಒಪ್ಪದು. ಮಾಹಿತಿಯನ್ನು ಕೋಷ್ಟಕಗಳಾಗಿ ಬಿಡಿಸಿ ಹೀಗೆ ಬೆಸೆಯುವ ವಿಧಾನವನ್ನು ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು.

ಲಾಟ್ ಮಾರಾಟವಾದಾಗ ಅಷ್ಟು ಬಾಕ್ಸ್‌ಗಳನ್ನು ರೈತನ ಖಾತೆಯಲ್ಲಿ ಕಳೆದು ಖರೀದಿದಾರನ ಖಾತೆಗೆ ಕೂಡಿಸಬೇಕು. ಕಳೆದಾಯಿತು, ಕೂಡಿಸುವ ಮೊದಲೇ ಕರೆಂಟ್ ಹೋಯಿತು ಎನ್ನಿ. ಒಳ್ಳೆಯ ಡೇಟಾಬೇಸ್ ಎರಡನ್ನೂ ಒಂದೇ ವ್ಯವಹಾರವೆಂದು ಹಿಡಿಯುತ್ತದೆ. ಕರೆಂಟ್ ಬಂದ ಮೇಲೆ ಅರ್ಧ ಬರೆದದ್ದನ್ನು ತಾನೇ ಹಿಂದಕ್ಕೆ ಪಡೆಯುತ್ತದೆ.

ಗೇಟಿನವರಿಗೆ ಆವಕ ಬರೆಯುವ ಹಕ್ಕಷ್ಟೇ ಕೊಟ್ಟಿದ್ದೇವೆ. ದರ, ಬ್ಯಾಂಕ್ ಖಾತೆ ಅವರಿಗೆ ಕಾಣುವುದಿಲ್ಲ. ಯಾರು ಯಾವಾಗ ಏನು ತಿದ್ದಿದರು ಎಂಬುದೂ ದಾಖಲಾಗುತ್ತದೆ. ನಿಮ್ಮದು ನೋಂದಾಯಿತ ಕಂಪನಿಯಾಗಿದ್ದರೆ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇಂಥ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯ.

ಆದರೆ ಡಿಸ್ಕ್ ಕೆಟ್ಟರೆ ಇದೆಲ್ಲ ಅದರೊಂದಿಗೇ ಹೋಗುತ್ತದೆ. ನಮಗೆ ಹಾಗೇ ಆಯಿತು. ಬ್ಯಾಕಪ್, ಅಂದರೆ ಲೆಕ್ಕದ ನಕಲು ಪ್ರತಿ, ದಿನವೂ ಆಗುತ್ತಿದೆ ಎಂದು ನಂಬಿದ್ದೆ. ತೆರೆದು ನೋಡಿದರೆ ಮೂರು ತಿಂಗಳಿಂದ ಬರೀ ಖಾಲಿ ಕಡತಗಳು. ಹನ್ನೊಂದು ದಿನ ಗೇಟ್ ಪಾಸ್‌ಗಳ ಕಟ್ಟು ಬಿಚ್ಚಿಕೊಂಡು ಕುಳಿತು ಎಲ್ಲವನ್ನೂ ಮತ್ತೆ ಬರೆದೆವು.

ನೀವೊಬ್ಬರೇ ಬರೆಯುವವರಾದರೆ, ಗಿರಾಕಿಗಳು ಕಡಿಮೆಯಿದ್ದರೆ ಎಕ್ಸೆಲ್ ಸಾಕು. ಇಬ್ಬರು ಮೂವರು ಬರೆಯುವಂತಾದರೆ ಬದಲಾಯಿಸಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಹಣ ಕೊಡಬೇಕಿಲ್ಲ. ಬ್ಯಾಕಪ್‌ನ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ನಾನಂತೂ ಪ್ರತಿ ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಯಾರಾದರೊಬ್ಬ ರೈತನ ಚೀಟಿಯನ್ನು ಕೈಯಲ್ಲಿ ಹಿಡಿದು ತಾಳೆ ನೋಡುತ್ತೇನೆ.