ಕಿವಿ ಕೆಳಗಿನ ಗಂಟು: ಮೊದಲ ಆಪರೇಷನ್ನೇ ಪೂರ್ತಿಯಾಗಿರಲಿ

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಒಂದು ವರ್ಷದಿಂದ ಬಲಗಿವಿಯ ಕೆಳಗೆ ಸುಮಾರು 3 ಸೆಂ.ಮೀ. ಗಂಟಿದೆ, ನೋವಿಲ್ಲ. ಹಾಸನದಲ್ಲಿ ಸೂಜಿ ಪರೀಕ್ಷೆ ಮಾಡಿ ‘ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ’ ಎಂದಿದ್ದಾರೆ. ಆಪರೇಷನ್ ಮಾಡಿಸಿದರೆ ಬಾಯಿ ಸೊಟ್ಟಗಾಗುತ್ತದೆ ಅಂತ ಊರಲ್ಲಿ ಹೆದರಿಸುತ್ತಾರೆ. ಗಂಟನ್ನಷ್ಟೇ ತೆಗೆಸಿದರೆ ಸಾಲದೇ? ಗುಣವಾಗುತ್ತಾ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಸಾಲದು. ಇದು ಜೊಲ್ಲುಗ್ರಂಥಿಯ ಒಂದು ಬಗೆಯ ಕ್ಯಾನ್ಸರ್. ಗಂಟನ್ನಷ್ಟೇ ಬಿಡಿಸಿ ತೆಗೆದರೆ ಕ್ಯಾನ್ಸರ್ ಕಣಗಳು ಅಲ್ಲೇ ಉಳಿದು ಮತ್ತೆ ಬೆಳೆಯಬಹುದು. ಎರಡನೇ ಸಲ ಕೈ ಹಾಕಿದಾಗ ಹಳೆಯ ಗಾಯದ ಅಂಟಿನಲ್ಲಿ ಮುಖವನ್ನು ಆಡಿಸುವ ನರ ಸಿಕ್ಕಿಕೊಂಡಿರುತ್ತದೆ. ಬಾಯಿ ಸೊಟ್ಟಗಾಗುವ ಅಪಾಯ ನಿಜವಾಗಿ ಹೆಚ್ಚುವುದು ಆಗಲೇ.

ಕಿವಿಯ ಮುಂದೆ, ಕೆಳಗೆ ಇರುವುದು ಪೆರೋಟಿಡ್ ಎಂಬ ಜೊಲ್ಲುಗ್ರಂಥಿ. ಮುಖದ ನರ ಅದರ ಒಳಗೇ ಕವಲೊಡೆದು ಹಾಯುತ್ತದೆ. ಸರ್ಜನ್ ಮೊದಲು ಕಿವಿಯ ಕೆಳಗೆ ಆಳದಲ್ಲಿ ನರದ ಬುಡವನ್ನು ಹುಡುಕಿ, ಕವಲುಗಳ ಗುಂಟ ಬಿಡಿಸುತ್ತಾ ನರದ ಮೇಲಿರುವ ಗ್ರಂಥಿಯ ಹೊರಭಾಗವನ್ನು ಗಂಟಿನ ಸಮೇತ ಒಂದೇ ತುಂಡಾಗಿ ತೆಗೆಯುತ್ತಾರೆ. ಗಂಟು ಆಳಕ್ಕಿಳಿದಿದ್ದರೆ ಪೂರ್ತಿ ಗ್ರಂಥಿಯೇ ಹೋಗಬೇಕಾಗಬಹುದು. ಆಳ ಗೊತ್ತಾಗಲು ಮೊದಲೇ ಎಂಆರ್‌ಐ ಬೇಕು, ಅದನ್ನು ತಪ್ಪಿಸಬೇಡಿ. ಮುಖ ಈಗ ಸರಿಯಾಗಿ ಆಡುತ್ತಿದ್ದರೆ ನರವನ್ನು ಉಳಿಸುವುದೇ ನಿಯಮ. ಗಡ್ಡೆ ನರವನ್ನು ಸುತ್ತಿಕೊಂಡಿದ್ದರೆ ಮಾತ್ರ ಅಷ್ಟು ಭಾಗ ಕತ್ತರಿಸಿ, ಸಾಧ್ಯವಾದರೆ ಕುತ್ತಿಗೆ ಅಥವಾ ಕಾಲಿನ ನರದ ತುಂಡಿನಿಂದ ಜೋಡಿಸುತ್ತಾರೆ.

ನರ ಉಳಿದರೂ ಎಳೆದಾಡಿದ್ದರಿಂದ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ ತುಟಿಯ ಅಂಚು ಅಥವಾ ರೆಪ್ಪೆ ಸೋತಿರುತ್ತದೆ. ಬಹುಪಾಲು ಮಂದಿಗೆ ಸರಿಹೋಗುತ್ತದೆ. ಅಲ್ಲಿಯವರೆಗೆ ಕಾಯಬೇಕಾದ್ದು ಬಾಯನ್ನಲ್ಲ, ಕಣ್ಣನ್ನು. ರೆಪ್ಪೆ ಮುಚ್ಚದಿದ್ದರೆ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ. ಹಗಲು ಕಣ್ಣೀರಿನ ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆಯ ಮೇಲೆ ಟೇಪ್. ಕಿವಿಹಾಲೆ ಮರಗಟ್ಟುವುದು ಮಾಮೂಲು, ಅದಕ್ಕೆ ಗಾಬರಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಆಪರೇಷನ್ನಿಗೆ ಮೊದಲೇ ಹೇಳಿ, ನೀವೇ ನಿಲ್ಲಿಸಬೇಡಿ.

ಗುಣವಾಗುತ್ತಾ ಎಂಬುದು ಕ್ಯಾನ್ಸರಿನ ದರ್ಜೆಯ (ಗ್ರೇಡ್, ಅಂದರೆ ಅದು ಎಷ್ಟು ಉಗ್ರ ಎಂಬುದರ) ಮೇಲೆ ನಿಂತಿದೆ. ಸೂಜಿ ಪರೀಕ್ಷೆಯಲ್ಲಿ ದರ್ಜೆ ನಿಖರವಾಗಿ ಸಿಗದು, ತೆಗೆದ ತುಂಡಿನಲ್ಲೇ ತಿಳಿಯಬೇಕು. ಈ ಬಗೆಯಲ್ಲಿ ಕಡಿಮೆ ದರ್ಜೆಯಿದ್ದು ಗ್ರಂಥಿಯೊಳಗೇ ಇದ್ದರೆ 5 ವರ್ಷ ದಾಟುವವರು ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು. ಹೆಚ್ಚು ದರ್ಜೆಯಾದರೆ ಲೆಕ್ಕ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಆಗ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ (ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು, ಲಿಂಫ್ ನೋಡ್) ತೆಗೆಯಬೇಕು, ನಂತರ ರೇಡಿಯೇಷನ್. ನಮ್ಮ ಕಡೆ ‘ಕರೆಂಟ್ ಕೊಡೋದು’ ಅನ್ನುತ್ತಾರಲ್ಲ, ಅದೇ: ವಾರಕ್ಕೆ ಐದು ದಿನದಂತೆ ಸುಮಾರು 30 ಸಲ, ಒಟ್ಟು 60 ಗ್ರೇ (ವಿಕಿರಣದ ಅಳತೆ) ಆಸುಪಾಸು. ಆಪರೇಷನ್ ಆದ 6 ವಾರದೊಳಗೆ ಶುರುವಾಗಬೇಕು. ಹುಳುಕು ಹಲ್ಲು ಕೀಳಿಸುವುದಿದ್ದರೆ ಅದಕ್ಕೂ ಎರಡು ವಾರ ಮೊದಲೇ ಮುಗಿಸಿ. ಕರೆಂಟ್ ತಾಗಿದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಗದೆ ಮೂಳೆ ಕೊಳೆಯಬಹುದು.

ವರದಿ ಕೈಗೆ ಬಂದಾಗ ಇಷ್ಟು ಕೇಳಿ: ತೆಗೆದ ತುಂಡಿನ ಅಂಚು ಶುದ್ಧವಾಗಿದೆಯೇ (ಅಲ್ಲಿ ಕ್ಯಾನ್ಸರ್ ಕಣವಿಲ್ಲವೇ), ನರದ ಸುತ್ತ ಹರಡಿದೆಯೇ, ದುಗ್ಧಗ್ರಂಥಿಗೆ ತಾಗಿದೆಯೇ. ಬೆಂಗಳೂರಿನ ಕಿದ್ವಾಯಿಗೋ ಬೇರೆಡೆಗೋ ಹೋಗುವುದಾದರೆ ಕಾಗದವೊಂದೇ ಸಾಲದು, ಪರೀಕ್ಷೆಯ ಸ್ಲೈಡ್‌ಗಳನ್ನೂ ತೆಗೆದ ತುಂಡನ್ನು ಇಟ್ಟಿರುವ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಹಾಸನದ ಹಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಹೊರಡುವ ಮುನ್ನವೇ ಬರೆಸಿಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಅಂಗುಳಿನ ‘ಅಡೆನಾಯ್ಡ್ ಸಿಸ್ಟಿಕ್’ ಕ್ಯಾನ್ಸರ್ ಆಪರೇಷನ್ ಆಗಿ 6 ವರ್ಷವಾಯಿತು. ಆರಾಮಾಗಿದ್ದಾರೆ. ಇನ್ನೂ ಚೆಕಪ್‌ಗೆ ಬನ್ನಿ ಅನ್ನುತ್ತಾರಲ್ಲ, ಯಾಕೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಕರೆಯುವುದು ಸರಿಯಾಗಿಯೇ ಇದೆ. ಇದೂ ಜೊಲ್ಲುಗ್ರಂಥಿಯದೇ ಇನ್ನೊಂದು ಬಗೆಯ ಕ್ಯಾನ್ಸರ್. ಬೇರೆ ಎಷ್ಟೋ ಕ್ಯಾನ್ಸರ್‌ಗಳಿಗೆ 5 ವರ್ಷ ಒಂದು ಗಡಿ, ಇದಕ್ಕಲ್ಲ. ಇದು ನರಗಳ ಗುಂಟ ನಿಧಾನವಾಗಿ ತೆವಳುತ್ತದೆ, 10 ವರ್ಷದ ಮೇಲೂ ಮರುಕಳಿಸುತ್ತದೆ, ಹೆಚ್ಚಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ಬಾಯಿ, ಕುತ್ತಿಗೆ ನೋಡಿದರಷ್ಟೇ ಸಾಲದು, ಎದೆಯ ಚಿತ್ರವೂ ಬೇಕು. ಮುಖ ಜುಮ್ಮೆನ್ನುವುದು, ಅಂಗುಳು ಮರಗಟ್ಟುವುದು ಶುರುವಾದರೆ ಮುಂದಿನ ತಾರೀಕಿಗೆ ಕಾಯಬೇಡಿ. ಶ್ವಾಸಕೋಶದಲ್ಲಿ ಚುಕ್ಕೆ ಕಂಡರೂ ಕೂಡಲೇ ಕೈಚೆಲ್ಲಬೇಕಿಲ್ಲ. ಅದರೊಂದಿಗೇ ವರ್ಷಗಟ್ಟಲೆ ಓಡಾಡಿಕೊಂಡಿರುವವರಿದ್ದಾರೆ, ಬೆಳವಣಿಗೆಯ ವೇಗ ನೋಡಿಯೇ ಔಷಧಿಯ ತೀರ್ಮಾನ.

ಪ್ರಶ್ನೆ: ಪೆರೋಟಿಡ್ ಆಪರೇಷನ್ ಆದಮೇಲೆ ಊಟಕ್ಕೆ ಕೂತರೆ ಕೆನ್ನೆ ಬೆವರುತ್ತದೆ. ಕ್ಯಾನ್ಸರ್ ಮತ್ತೆ ಬಂತೇ?
– ಓದುಗರು, ಬೇಲೂರು

ಉತ್ತರ: ಇಲ್ಲ. ಜೊಲ್ಲಿಗೆ ಹೋಗುತ್ತಿದ್ದ ನರದ ಎಳೆಗಳು ಚರ್ಮದ ಬೆವರುಗ್ರಂಥಿಗೆ ಅಂಟಿಕೊಂಡಿವೆ, ಇದಕ್ಕೆ ಫ್ರೇ ಸಿಂಡ್ರೋಮ್ ಎನ್ನುತ್ತಾರೆ. ಮುಜುಗರವಾದರೆ ಬೊಟಾಕ್ಸ್ ಚುಚ್ಚಿಸಬಹುದು, ಕೆಲವು ತಿಂಗಳು ತಡೆಯುತ್ತದೆ, ಮತ್ತೆ ಚುಚ್ಚಿಸಬೇಕು. ಆದರೆ ಅದೇ ಜಾಗದಲ್ಲಿ ಗಂಟು ಕೈಗೆ ಸಿಕ್ಕರೆ ಆಪರೇಷನ್ ಮಾಡಿದವರನ್ನು ಆ ವಾರವೇ ಕಾಣಿ.